ಹೊಂಗನೂರಿನ ಎಂಜಿನ್: ಅರದ ಮೂರು ಗೀರು

ಕಂತು ೯

"ಅಲ್ಲೇ ನಿಂತ್ಕೊಳಿ ಸ್ವಾಮಿ. ಮುಂದಕ್ಕೆ ಬರಬ್ಯಾಡಿ," ಎಂದರು ಅಂಬುಜಮ್ಮ.

ಅನಂತರಾಜು ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ಇಟ್ಟ. ರಾಮನಗರದಲ್ಲಿ ಅವನಿಗೆ ಯಾರೂ ಹೀಗೆ ಹೇಳಿರಲಿಕ್ಕಿಲ್ಲ.

"ಯಾಕಮ್ಮಾ?"

"ಸೆಂಟು ಹಾಕ್ಕೊಂಡಿದ್ದೀರಿ. ಒಳಗಡೆ ರೇಷ್ಮೆಹುಳ ನಾಕ್ನೇ ಜ್ವರ ಮುಗ್ಸಿ, ಪೊರೆ ಬಿಟ್ಟು ಈಗ ಎದ್ದವೆ. ಆ ವಾಸ್ನೆ ತಗುಲುದ್ರೆ ಸೊಪ್ಪು ಮುಟ್ಟಕಿಲ್ಲ. ಅಗೋ ನೋಡಿ, ಹೊಂಗೆಮರದ ಕೆಳಗೆ ಬೆಂಚೈತೆ, ಅಲ್ಲಿ ಕುಂತ್ಕೊಳಿ."

ಅವನು ನನ್ನ ಕಡೆ ನೋಡಿದ, ನಾನೇನೋ ಅವನ ಪರವಾಗಿ ಮಾತಾಡುತ್ತೇನೆ ಅನ್ನುವ ಹಾಗೆ. ನಾನು ಬೆಂಚಿನ ಕಡೆ ಕೈ ತೋರಿಸಿದೆ. ಸಬ್ ಇನ್‌ಸ್ಪೆಕ್ಟರ್ ಜಯಕುಮಾರ್ ಸೋಂಕು ತಡೆಯಲು ಬಾಗಿಲಲ್ಲಿ ಹಾಕಿದ್ದ ಸುಣ್ಣದ ಪುಡಿಯನ್ನು ಬೂಟುಗಾಲಲ್ಲಿ ತುಳಿದು, ಟ್ರಂಕು ತರಲು ಒಳಗೆ ಹೋದರು. ಹೊಂಗನೂರಿನಲ್ಲಿ ರೇಷ್ಮೆಹುಳುವಿನ ಮನೆಗೆ ಪೊಲೀಸರೂ ಹಾಗೇ ಹೋಗಬೇಕು.

ದೂರು ಕೊಟ್ಟವನು ಅನಂತರಾಜು. ತನ್ನ ತಂದೆ ಮಾಡಿದ ಎಂಜಿನ್ನನ್ನು ಸತ್ತುಹೋದ ಬೋರಲಿಂಗಯ್ಯ ನಕಲು ಹೊಡೆದ, ಈಗ ಬೋರಲಿಂಗಯ್ಯನ ಹೆಂಡತಿ ಅಂಬುಜಮ್ಮ ಅದೇ ಅಸಲಿ ಎಂದು ಹೇಳಿಕೊಂಡು ಮೋಸ ಮಾಡುತ್ತಿದ್ದಾಳೆ ಎಂಬುದು ಅವನ ದೂರು. ಎಂಟು ದಿನದ ಹಿಂದೆ ಪೊಲೀಸರು ಎಂಜಿನ್ನು ಇದ್ದ ಟ್ರಂಕನ್ನು ತೆರೆಯದೆ ಹಾಗೇ ಸೀಲು ಹಾಕಿ ಹೋಗಿದ್ದರು. ಇವತ್ತು ಅದನ್ನು ಒಡೆಯುವ ದಿನ.

ಎಂಜಿನ್ ಅಂದರೆ ಟ್ರ್ಯಾಕ್ಟರಿನದಲ್ಲ. ಆಟದ ವಿಮಾನ ಹಾರಿಸುವ, ಮುಷ್ಟಿಯೊಳಗೆ ಮುಚ್ಚಿಹೋಗುವ ಎಂಜಿನ್ನು. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಮೂರನ್ನೂ ಕಲಸಿ ಕುಡಿಸಿ, ಮೂತಿಯ ರೆಕ್ಕೆಯನ್ನು ಬೆರಳಿನಿಂದ ತಟ್ಟಿದರೆ ಕಣಜದ ಹಾಗೆ ಗುಂಯ್ಗುಡುತ್ತದೆ. ಇಂಥ ಹಳೆಯದೊಂದು ಸಿಕ್ಕಿತು ಅಂದರೆ ಸಂಗ್ರಹಕಾರರು ಊಟ ಬಿಟ್ಟು ಓಡಿಬರುತ್ತಾರೆ. ಅದರಲ್ಲೂ ಇದು ನಲವತ್ತು ವರ್ಷದ ಹಿಂದೆ ನಮ್ಮ ಸೀಮೆಯಲ್ಲಿ ಒಬ್ಬನೇ ಮನುಷ್ಯ ಕೈಯಾರೆ ಮಾಡಿದ್ದು. ಆ ಮನುಷ್ಯ ಯಾರು ಅನ್ನುವುದೇ ಜಗಳ.

ಅನಂತರಾಜು ಮಾಗಡಿ ರಸ್ತೆಯಲ್ಲಿ ಹಳೆಯ ಎಂಜಿನ್ನುಗಳಿಗೆಂದೇ ಒಂದು ಗಾಜಿನ ಮನೆ ಕಟ್ಟಿಸಿದ್ದಾನೆ. ಭಾನುವಾರ ಅದರ ಉದ್ಘಾಟನೆ. ನಟ್ಟನಡುವಿನ ಪೆಟ್ಟಿಗೆಯ ಮೇಲೆ ಅವನ ತಂದೆಯ ಹೆಸರಿನ ಹಿತ್ತಾಳೆ ಫಲಕ ಆಗಲೇ ಕೂತಿದೆ. "ನನ್ನ ಗಂಡ ನಕಲು ಮಾಡಿದ್ದು ನಿಜ" ಎಂದು ಟೈಪು ಮಾಡಿಸಿದ ಕಾಗದಕ್ಕೆ ಅಂಬುಜಮ್ಮ ಸಹಿ ಹಾಕಿದರೆ ದೂರು ವಾಪಸ್ಸು. ಹಾಕದಿದ್ದರೆ ಅರವತ್ತಾರರ ಈ ಹೆಂಗಸು ಕಟಕಟೆ ಹತ್ತಬೇಕು.

ನಾನು ಪ್ರತಿಮಾ. ಬಿಡದಿಯ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಹದಿನಾಲ್ಕು ವರ್ಷ ಬರೀ ಅಳತೆ ನೋಡಿದವಳು. ಈಗ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಎದುರು ಪತ್ತೇದಾರಿ ಎಂದು ಬೋರ್ಡು ಹಾಕಿಕೊಂಡು ಕೂತಿದ್ದೇನೆ. ನನ್ನನ್ನು ಈ ಕೇಸಿಗೆ ಕರೆದದ್ದು ಅಂಬುಜಮ್ಮನ ಒಬ್ಬಳೇ ಮಗಳು ಸಿರಿ. ಚನ್ನಪಟ್ಟಣದಲ್ಲಿ ಅವಳದೊಂದು ಬೊಂಬೆ ಕಾರ್ಖಾನೆ ಇದೆ, ನಾಲ್ಕು ಲೇತು, ಆರು ಜನ ಕೆಲಸಗಾರರು. "ನಮ್ಮಪ್ಪನ ಹೆಸರು ಉಳಿಸಿಕೊಡಿ ಅಕ್ಕ" ಎಂದು ನನ್ನ ಕೈ ಹಿಡಿದುಕೊಂಡಿದ್ದಳು. ನಾನು ಕರಗಿದ್ದೆ.

ಅನಂತರಾಜುವಿನ ಹತ್ತಿರ ಇರುವ ಎಂಜಿನ್ನನ್ನೂ ಅಂಬುಜಮ್ಮನದನ್ನೂ ಪಕ್ಕಪಕ್ಕ ಇಟ್ಟು ಅಳೆಯೋಣ ಎಂದು ನಿನ್ನೆ ಫೋನಿನಲ್ಲಿ ಸವಾಲು ಹಾಕಿದವಳು ನಾನೇ. "ಆಗ್ಲಿ ಮೇಡಂ" ಎಂದಿದ್ದ ಅನಂತರಾಜು. ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಿತ್ತು. ನನ್ನ ಜಂಬ ಬಿಡಲಿಲ್ಲ.

ಜಯಕುಮಾರ್ ಟ್ರಂಕನ್ನು ಬೆಂಚಿನ ಬಳಿ ತಂದಿಟ್ಟು ಸೀಲು ಒಡೆದರು. ಅಂಬುಜಮ್ಮ ಸೊಂಟದಿಂದ ಕೀಲಿ ತೆಗೆದುಕೊಟ್ಟರು. ಹಳೆಯ ಪಂಚೆಯೊಂದರಲ್ಲಿ ಸುತ್ತಿದ್ದ ಎಂಜಿನ್ನು ಹೊರಗೆ ಬಂತು. ನಾನು ಅದನ್ನು ಕಣ್ಣಿಂದ ನೋಡಿದ್ದೇ ಆಗ. ಅನಂತರಾಜು ತನ್ನ ಮಖಮಲ್ಲಿನ ಪೆಟ್ಟಿಗೆ ತೆರೆದ. ಬೆಂಚಿನ ಮೇಲೆ ಅವಳಿ ಮಕ್ಕಳನ್ನು ಮಲಗಿಸಿದಂತಾಯಿತು.

"ಮೇಡಂ, ನನಗೆ ಅರ್ಥ ಆಗೋ ಹಂಗೆ ಹೇಳಿ," ಎಂದರು ಜಯಕುಮಾರ್. "ಅಳತೆಯಿಂದ ನಕಲು ಹೆಂಗೆ ಗೊತ್ತಾಗುತ್ತೆ?"

"ಅಸಲಿ ಎಂಜಿನ್ನನ್ನೇ ಮರಳಲ್ಲಿ ಒತ್ತಿ ಅಚ್ಚು ತೆಗೀತಾರೆ ಸಾರ್. ಆ ಗುಳಿಗೆ ಕರಗಿದ ಅಲ್ಯೂಮಿನಿಯಂ ಹುಯ್ತಾರೆ. ಲೋಹ ಆರುವಾಗ ಕುಗ್ಗುತ್ತೆ. ಹಾಗಾಗಿ ನಕಲು ಯಾವತ್ತೂ ಅಸಲಿಗಿಂತ ಒಂಚೂರು ಚಿಕ್ಕದು. ನೂರಕ್ಕೆ ಒಂದು, ಒಂದೂಕಾಲು ಪಾಲು."

"ಚಿಕ್ಕದು ಯಾವುದೋ ಅದು ನಕಲು."

"ಅಷ್ಟೇ."

"ಇಬ್ರೂ ಒಪ್ತೀರಾ? ಬರ್ಕೋತೀನಿ."

"ಬರ್ಕೊಳಿ," ಎಂದ ಅನಂತರಾಜು. ಅವನ ದನಿಯಲ್ಲಿ ಒಂದು ತೃಪ್ತಿ ಇತ್ತು.

ವಿಮಾನಕ್ಕೆ ಸ್ಕ್ರೂ ಹಾಕಿ ಕೂರಿಸಲು ಎಂಜಿನ್ನಿನ ಎರಡು ಮಗ್ಗುಲಲ್ಲಿ ಎರಡು ಕಿವಿ ಇರುತ್ತವೆ. ಅಚ್ಚಿನಿಂದ ಬಂದಮೇಲೆ ಆ ಕಿವಿಯ ತುದಿಗಳನ್ನು ಯಾರೂ ಕಡಿಯುವುದಿಲ್ಲ. ಈ ಕಿವಿಯಿಂದ ಆ ಕಿವಿಗೆ ವರ್ನಿಯರ್ ಅಳತೆಗೋಲು ಹಿಡಿದೆ. ಅನಂತರಾಜುವಿನದು ಅರವತ್ತೆರಡು ಪಾಯಿಂಟ್ ಒಂದು ಮಿಲಿಮೀಟರ್.

ಅಂಬುಜಮ್ಮನದು ಅರವತ್ತೊಂದು ಪಾಯಿಂಟ್ ಮೂರು.

ವರ್ನಿಯರಿನ ದವಡೆ ಒರೆಸಿ ಮತ್ತೆ ಹಿಡಿದೆ. ಮೂರನೇ ಸಲವೂ ಹಿಡಿದೆ. ಅಂಕಿ ಬದಲಾಗಲಿಲ್ಲ.

"ಗಟ್ಟಿಯಾಗಿ ಓದಿ ಮೇಡಂ," ಎಂದ ಅನಂತರಾಜು. "ಸವಾಲು ನಿಮ್ಮದೇ."

"ಏನಂತೆ ಕಣವ್ವ?" ಅಂಬುಜಮ್ಮ ನನ್ನ ಮುಖ ನೋಡಿದರು.

ಸುಳ್ಳು ಹೇಳಲಾರದೆ, ನಿಜ ಹೇಳಲಾರದೆ ಒದ್ದಾಡಿದೆ. ಹದಿನಾಲ್ಕು ವರ್ಷ ಅಳತೆ ನೋಡಿದವಳು ಒಂದು ಅಳತೆಗೆ ಇಷ್ಟು ಹೆದರಿದ್ದು ಅದೇ ಮೊದಲು.

"ಅಮ್ಮ, ನಿಮ್ಮದೇ ಚಿಕ್ಕದು. ಇದು ನಕಲು."

ಅನಂತರಾಜು ಕಾಗದ ಬಿಚ್ಚಿ ಬೆಂಚಿನ ಮೇಲೆ ಹರಡಿದ, ಪೆನ್ನಿನ ಮುಚ್ಚಳವನ್ನೂ ತಾನೇ ತೆಗೆದ. "ಕೋರ್ಟು ಗೀರ್ಟು ಯಾಕಮ್ಮಾ ಈ ವಯಸ್ಸಲ್ಲಿ? ಬೋರಲಿಂಗಯ್ಯ ನಮ್ಮ ತಂದೆ ಹತ್ರ ಕೆಲಸ ಕಲ್ತೋರು. ಕಲಿಯೋವಾಗ ನಕಲು ಮಾಡೋದು ಸಹಜ. ನಾನು ತಪ್ಪು ತಿಳ್ಕೊಳ್ಳಲ್ಲ. ಒಂದು ಸೈನ್ ಹಾಕ್ಬಿಡಿ."

"ಹಾಕಕಿಲ್ಲ."

"ಅಳತೆ ನೋಡಿದ್ರಲ್ಲ?"

"ನಿಮ್ಮ ಕಡ್ಡಿ ಏನಾರ ಹೇಳ್ಲಿ. ಮದ್ವೆಯಾದ ಹೊಸದ್ರಲ್ಲಿ ನನ್ ಗಂಡ ನನ್ ಮಕ ನೋಡಿದ್ದಕ್ಕಿಂತ ಅದ್ರ ಮಕ ನೋಡಿದ್ದೇ ಹೆಚ್ಚು. ಬೆಂಗಳೂರಿಂದ ಶನಿವಾರ ಸಾಯಂಕಾಲ ಬಂದು ಕುಂತ್ರೆ ಸೋಮವಾರ ಬೆಳಿಗ್ಗೆವರ್ಗೂ ಅರ ಹಾಕೋರು. ಎಲ್ಡು ವರ್ಷ. ನಕಲು ಮಾಡೋಕೆ ಎಲ್ಡು ವರ್ಷ ಬೇಕಾ? ಅದ ಇಲ್ಲಿ ಕೊಡವ್ವ."

ನಾನು ಅವರ ಎಂಜಿನ್ನನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ನೋಡಲೇ ಇಲ್ಲ. ಕಣ್ಣಿಗೆ ಪೊರೆ ಬಂದವರು, ಬೆರಳಿನಿಂದಲೇ ನೋಡುತ್ತಾರೆ. ಹೆಬ್ಬೆರಳು ಎಡಗಿವಿಯ ಕೆಳಗೆ ಹೋಯಿತು, ಅಲ್ಲಿ ನಿಂತಿತು, ಮತ್ತೊಮ್ಮೆ ಸವರಿತು.

"ನೆಗ್ಗು ಐತೆ," ಎಂದರು. "ಗೀರೆಲ್ಲಿ?"

"ಯಾವ ಗೀರು ಅಮ್ಮ?"

"ಅವತ್ತು ಹೇಳ್ಲಿಲ್ವಾ ಸ್ವಾಮಿ ನಿಮಗೆ? ನೀವು ಬರ್ಕೊಂಡ್ರಲ್ಲ."

ಜಯಕುಮಾರ್ ಫೈಲು ತಿರುವಿದರು. ಸೀಲು ಹಾಕಿದ ದಿನ ಅಂಬುಜಮ್ಮ ಕೊಟ್ಟ ಹೇಳಿಕೆ ಅದರಲ್ಲಿತ್ತು. ನಾನು ಆ ಹೊತ್ತಿಗೆ ಇನ್ನೂ ಈ ಕೇಸಿಗೆ ಬಂದಿರಲಿಲ್ಲ. ಅವರು ಪೊಲೀಸ್ ಕನ್ನಡದಲ್ಲಿ ಒಂದೇ ಉಸಿರಿಗೆ ಓದಿದರು.

"'ನನ್ನ ಮಗಳು ಸಿರಿಯು ಹೊಟ್ಟೆಯಲ್ಲಿದ್ದಾಗ ಸದರಿ ಎಂಜಿನ್ನು ನನ್ನ ಕೈಜಾರಿ ಒರಳುಕಲ್ಲಿನ ಮೇಲೆ ಬಿದ್ದು, ಎಡಗಿವಿಯ ಕೆಳಗೆ ನೆಗ್ಗಾಗಿದ್ದು, ನನ್ನ ಗಂಡನವರು ಅದನ್ನು ಸರಿಪಡಿಸಲು ಸಣ್ಣ ಅರದಿಂದ ಮೂರು ಗೀರು ಎಳೆದು, ನಂತರ ಹಾಗೆಯೇ ಬಿಟ್ಟಿರುತ್ತಾರೆ.'"

"ಯಾಕೆ ಬಿಟ್ರು?" ಎಂದು ಕೇಳಿದೆ.

"'ಇರ್ಲಿ ಬುಡು, ನಿನ್ ಕೈ ಗುರ್ತು' ಅಂದ್ರು."

ಅಂಬುಜಮ್ಮನ ಹಿಂದೆ ನಿಂತಿದ್ದ ಸಿರಿ ತಾಯಿಯ ಹೆಗಲ ಮೇಲಿದ್ದ ತನ್ನ ಕೈ ತೆಗೆದಳು. "ನೀರು ತರ್ತೀನಿ," ಎಂದು ಒಳಗೆ ಹೋದಳು.

ನಾನು ಭೂತಗನ್ನಡಿ ಹಿಡಿದೆ. ಅಂಬುಜಮ್ಮನ ಎಂಜಿನ್ನಿನಲ್ಲಿ ನೆಗ್ಗು ಇತ್ತು, ಅದರೊಳಗೆ ಒಂದು ಗೀರೂ ಇರಲಿಲ್ಲ. ಗುಳಿಯ ತಳ ಸಣ್ಣ ರವೆ ಚೆಲ್ಲಿದ ಹಾಗೆ ತರಿತರಿಯಾಗಿತ್ತು. ಮರಳಿನ ಗುರುತು ಅದು.

"ನಿಮ್ಮದು ಕೊಡಿ," ಎಂದು ಅನಂತರಾಜುವಿಗೆ ಕೈ ಚಾಚಿದೆ.

ಅವನ ಅಂಗೈ ಪೆಟ್ಟಿಗೆಯ ಮೇಲೆ ಮಲಗಿತು. "ಅಳತೆ ಮುಗೀತಲ್ಲ?"

"ಕೊಡಿ ಅನಂತರಾಜು ಅವರೇ," ಎಂದರು ಜಯಕುಮಾರ್, ಫೈಲಿನಿಂದ ತಲೆ ಎತ್ತದೆ.

ಕೊಟ್ಟ. ಎಡಗಿವಿಯ ಕೆಳಗೆ ಅದೇ ಜಾಗದಲ್ಲಿ ಅದೇ ನೆಗ್ಗು. ಇದರ ಅಂಚಿನಲ್ಲಿ ಲೋಹ ಜಜ್ಜಿ ಒಂದು ಕಡೆಗೆ ಸರಿದಿತ್ತು. ಗುಳಿಯ ಒಳಗೆ, ಒಂದರ ಪಕ್ಕ ಒಂದು, ಮೂರು ಗೀರು. ಮೂರನೆಯದು ಅರ್ಧಕ್ಕೇ ನಿಂತಿತ್ತು. ಅರ ಹಿಡಿದ ಮನುಷ್ಯ ಆ ಹೊತ್ತಿಗೆ ಮನಸ್ಸು ಬದಲಾಯಿಸಿದ್ದ.

ನನಗೆ ಕಣ್ಣು ಮಂಜಾಯಿತು. ಅದನ್ನು ಯಾರಿಗೂ ತೋರಿಸಬಾರದು ಅಂತ ಕನ್ನಡಿಯನ್ನು ಜಯಕುಮಾರ್ ಕೈಗೆ ತುರುಕಿದೆ.

"ಎಣಿಸಿ ಸಾರ್."

ಅವರು ಎಣಿಸಿದರು. ಎರಡು ಸಲ ಎಣಿಸಿದರು.

"ಮರಳಿಗೆ ನೆಗ್ಗು ಸಿಕ್ಕುತ್ತೆ, ಕೂದಲೆಳೆ ಗೀರು ಸಿಕ್ಕಲ್ಲ," ಎಂದೆ. "ಅಂಬುಜಮ್ಮ ಹೇಳಿದ ಗುರುತು ಅಂಬುಜಮ್ಮನ ಟ್ರಂಕಿನಲ್ಲಿ ಇದ್ದದ್ದರಲ್ಲಿ ಇಲ್ಲ. ನಿಮ್ಮ ಮಖಮಲ್ಲಿನ ಪೆಟ್ಟಿಗೆಯಲ್ಲಿದೆ. ನಿಮ್ಮದನ್ನು ಅವರು ಇವತ್ತಿನವರೆಗೆ ನೋಡಿಲ್ಲ. ಪತ್ರಿಕೆಗೆ ನೀವು ಕೊಟ್ಟ ಫೋಟೋದಲ್ಲಿ ಇರೋದು ಬಲಮಗ್ಗುಲು ಮಾತ್ರ. ಹಾಗಿದ್ದಮೇಲೆ ಅವರು ಎಂಟು ದಿನ ಮುಂಚೆ ಹೇಗೆ ಹೇಳಿದ್ರು?"

ಅವನು ಬೆಂಚಿನ ಮೇಲಿನ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡ.

"ನಾನು ಹೇಳ್ತೀನಿ. ಅಳತೆ ಸುಳ್ಳಲ್ಲ. ಟ್ರಂಕಿನಲ್ಲಿದ್ದದ್ದು ನಕಲೇ. ಅಸಲಿಯನ್ನು ಯಾರೋ ತೆಗೆದು ನಿಮಗೆ ಮುಟ್ಟಿಸಿದ್ದಾರೆ, ಅದರ ಜಾಗದಲ್ಲಿ ಇದನ್ನು ಇಟ್ಟಿದ್ದಾರೆ. ಆಮೇಲೆ ನೀವು ದೂರು ಕೊಟ್ಟಿರಿ. ಯಾರಾದರೂ ಅಳೀಲಿ ಅಂತ ಕಾದಿರಿ. ನಾನು ಸಿಕ್ಕಿದೆ. ನಿಮ್ಮ ಕೈಲಿರೋದು ಬೋರಲಿಂಗಯ್ಯನವರ ಎಂಜಿನ್ನು."

ಅಂಬುಜಮ್ಮ ಯಾರ ಅಪ್ಪಣೆಗೂ ಕಾಯದೆ ಅದನ್ನು ಎತ್ತಿಕೊಂಡರು. ಹೆಬ್ಬೆರಳು ಅಲ್ಲಿಗೇ ಹೋಯಿತು. ಸೆರಗಿನ ತುದಿಯಿಂದ ಅದರ ತಲೆ ಒರೆಸಿ ತೊಡೆಯ ಮೇಲೆ ಇಟ್ಟುಕೊಂಡರು. ಅದನ್ನು ಕಿತ್ತುಕೊಳ್ಳುವ ಧೈರ್ಯ ಅನಂತರಾಜುವಿಗೂ ಬರಲಿಲ್ಲ.

ಆದರೆ ಅವನು ಸುಲಭದ ಆಸಾಮಿಯಲ್ಲ. ಕರ್ಚೀಫಿನಿಂದ ಕತ್ತು ಒರೆಸಿಕೊಂಡು, ಕಾಲಮೇಲೆ ಕಾಲು ಹಾಕಿದ.

"ಸರಿ ಮೇಡಂ. ನೀವು ಹೇಳಿದ ಹಾಗೇ ಇಟ್ಕೊಳೋಣ. ಟ್ರಂಕಿನ ಬೀಗ ಒಡೆದಿದ್ಯಾ?"

ಒಡೆದಿರಲಿಲ್ಲ.

"ಕೀಲಿ ಯಾರ ಹತ್ರ ಇತ್ತು? ನನ್ನನ್ನ ಕಳ್ಳ ಅಂತ ಬರೀಬೇಕಾದ್ರೆ ಒಳಗಿಂದ ತೆಗೆದುಕೊಟ್ಟೋರ ಹೆಸರೂ ಬರೀಬೇಕಾಗುತ್ತೆ. ಬರೀರಿ. ನನಗೇನೂ ಅಭ್ಯಂತರ ಇಲ್ಲ."

ಬೇರೆಯವರ ಮನೆಯ ಅಂಗಳದಲ್ಲಿ ಕೂತು ಆ ಮನೆಯವರನ್ನೇ ಹೆದರಿಸುವುದಕ್ಕೂ ಒಂದು ಎದೆ ಬೇಕು. ನನಗೆ ರೇಗಿಹೋಯಿತು.

ಜಯಕುಮಾರ್ ಮೆಲ್ಲಗೆ ಕೇಳಿದರು. "ಅಮ್ಮ, ಕಡೇ ಸಲ ಟ್ರಂಕು ತೆಗೆದದ್ದು ಯಾವಾಗ?"

"ಆಯುಧಪೂಜೇಲಿ. ವರ್ಷವರ್ಷ್ವೂ ಅದಕ್ಕೆ ಕುಂಕುಮ ಇಕ್ತೀನಿ."

"ಆಗ ಗೀರು ಇತ್ತಾ?"

"ಇತ್ತು."

"ಕೀಲಿ?"

"ಸೊಂಟದಲ್ಲೇ ಇರ್ತದೆ. ನೀರು ಹುಯ್ಕೊಳೋಕೆ ಹೋದಾಗ ಗೋಡೆ ಗೂಡಿನಾಗೆ ಇಕ್ಕಿರ್ತೀನಿ."

ಅವರು ಮಾತಾಡುತ್ತಿದ್ದಾಗ ನಾನು ನಕಲಿಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದೆ. ಹಳೆಯ ಎಂಜಿನ್ನಿನ ಮೇಲೆ ಕಂದು ಬಣ್ಣದ ಜಿಡ್ಡು ಇರುತ್ತದೆ. ಹರಳೆಣ್ಣೆ ಸುಟ್ಟು ಸುಟ್ಟು ಕಟ್ಟಿಕೊಂಡ ಜಿಡ್ಡು. ಸ್ಪಿರಿಟ್ಟು ಹಾಕಿ ಉಜ್ಜಿದರೂ ಅದು ಜಪ್ಪಯ್ಯ ಅನ್ನುವುದಿಲ್ಲ. ಸಂಗ್ರಹಕಾರರು ವಯಸ್ಸು ಗುರುತಿಸುವುದೇ ಅದರಿಂದ. ಅಂಬುಜಮ್ಮನ ತೊಡೆಯ ಮೇಲಿದ್ದುದರಲ್ಲಿ ಅದು ಹೊಗೆಬಾಯಿಯಿಂದ ಕೆಳಕ್ಕೆ ಸೋರಿತ್ತು. ನನ್ನ ಕೈಯಲ್ಲಿದ್ದುದರಲ್ಲಿ ಸುತ್ತಲೂ ಬಳೆ ತೊಡಿಸಿದ ಹಾಗೆ ಒಂದೇ ಸಮ ಇತ್ತು. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಸುತ್ತಿಕೊಂಡು ಹೋಗುವುದಿಲ್ಲ. ಅಲ್ಲದೆ ಅದಕ್ಕೊಂದು ಹೊಳಪು ಇತ್ತು.

ಆ ಹೊಳಪನ್ನು ನಾನು ನೋಡಿದ್ದೆ. ನಮ್ಮ ಜಿಲ್ಲೆಯಲ್ಲಿ ತೊಟ್ಟಿಲ ಮಕ್ಕಳೂ ನೋಡಿರುತ್ತಾರೆ.

ಚೀಲದಿಂದ ಹತ್ತಿ, ಸ್ಪಿರಿಟ್ಟಿನ ಸೀಸೆ ತೆಗೆದೆ. "ಆ ಬೇಲಿ ಹತ್ರ ಹೋಗವ್ವ," ಎಂದರು ಅಂಬುಜಮ್ಮ. ಅಂಥ ಹೊತ್ತಿನಲ್ಲೂ ಅವರಿಗೆ ಹುಳುಗಳದೇ ಚಿಂತೆ. ಬೇಲಿಯ ಬಳಿ ಹೋಗಿ ನಕಲಿಯ ಮೈ ಒರೆಸಿದೆ. ಹತ್ತಿ ಕೆಂಪುಗಂದಾಯಿತು, ಬೆರಳಿಗೆ ಅಂಟಂಟಾಯಿತು.

ಅರಗು. ಚನ್ನಪಟ್ಟಣದ ಬೊಂಬೆಗೆ ಹಾಕುವ ಅರಗು.

ಎಂಜಿನ್ನನ್ನು ಲೇತಿಗೆ ಕಚ್ಚಿಸಿ, ತಿರುಗುವಾಗ ಅರಗಿನ ಕಡ್ಡಿ ಒತ್ತಿದ್ದರು. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಮೋಸಹೋಗುತ್ತಿದ್ದೆ. ಆದರೆ ಅರಗು ಹಾಕಿ ರೂಢಿಯಾದ ಕೈ ತಾಳೆಗರಿ ಹಿಡಿದು ಮೆರುಗು ಕೊಡದೆ ಕೆಲಸ ಮುಗಿಸುವುದಿಲ್ಲ. ಹಳೆಯದಾಗಿ ಕಾಣಬೇಕಾದದ್ದಕ್ಕೆ ಆ ಕೈ ಅಭ್ಯಾಸಬಲದಿಂದ ಹೊಳಪು ಕೊಟ್ಟುಬಿಟ್ಟಿತ್ತು.

ಸಿರಿ ನೀರಿನ ಚೊಂಬು ಹಿಡಿದು ಬಂದಳು. ಅವಳಿಗೆ ಒಂದು ಅವಕಾಶ ಕೊಡಬೇಕು ಅನ್ನಿಸಿತು. ಹತ್ತಿಯನ್ನು ಅವಳ ಮುಂದೆ ಹಿಡಿದೆ.

"ಸಿರಿ, ನೀನು ಹದಿನೈದು ವರ್ಷದಿಂದ ಈ ಕೆಲಸದಲ್ಲಿದ್ದೀಯ. ಮೂಸಿ ನೋಡು. ಏನಿದು?"

ಅವಳು ಮೂಸಿದಳು.

"ಹರಳೆಣ್ಣೆ ಜಿಡ್ಡೇ ಅಕ್ಕ," ಎಂದಳು. "ತುಂಬ ಹಳೇದು."

ಅರಗಿನಲ್ಲೇ ಅನ್ನ ದುಡಿಯುವವಳು ಅರಗನ್ನು ಎಣ್ಣೆ ಎಂದಳು. ನನ್ನ ಕೈ ಹಿಡಿದುಕೊಂಡು "ಅಪ್ಪನ ಹೆಸರು ಉಳಿಸಿಕೊಡಿ" ಎಂದವಳು ಇವಳೇ; ಅಳೆಯುವ ಕೈ ಬೇಕಿತ್ತೆಂದೇ ನನ್ನನ್ನು ಕರೆದಿದ್ದಳು. ನನಗೆ ಮೊದಲು ಬಂದದ್ದು ಸಿಟ್ಟಲ್ಲ, ದುಃಖ. ಸಿಟ್ಟು ಅದರ ಬೆನ್ನಿಗೇ ಬಂತು.

"ಏನ್ ಮೇಡಂ ಅದು?" ಜಯಕುಮಾರ್ ಬೆಂಚಿನಿಂದ ಕೇಳಿದರು.

ನಾನು ಉತ್ತರ ಕೊಡುವ ಮೊದಲೇ ಅಂಬುಜಮ್ಮ ಎದ್ದು ಬಂದು ನನ್ನ ಕೈಯಿಂದ ಹತ್ತಿ ತೆಗೆದುಕೊಂಡರು. ಅವರಿಗೆ ಮೂಸುವುದೇ ಬೇಕಾಗಲಿಲ್ಲ. ಬೆರಳುಗಳ ನಡುವೆ ಒಂದು ಸಲ ಹೊಸಕಿದರು. ಮಗಳ ಬಟ್ಟೆ ಒಗೆದವರು ಅವರು. ಆ ಅಂಟು ಅವರ ಬೆರಳಿಗೆ ಗೊತ್ತಿತ್ತು.

ಅವರು ಮಗಳನ್ನು ನೋಡಲಿಲ್ಲ. ಹತ್ತಿಯನ್ನು ಬೇಲಿಯಾಚೆ ಎಸೆದು, ನೇರ ಜಯಕುಮಾರ್ ಮುಂದೆ ಹೋಗಿ ನಿಂತರು.

"ಬರ್ಕೊಳಿ ಸ್ವಾಮಿ. ಬೀಗ ತೆಗ್ದೋಳು ನಾನೇ. ಇವ್ರಿಗೆ ಕೊಟ್ಟೋಳೂ ನಾನೇ."

ಅನಂತರಾಜುವಿನ ಮೇಲಿನ ಕಾಲು ಕೆಳಕ್ಕೆ ಬಂತು. ಅವನು ಇದನ್ನು ನಿರೀಕ್ಷಿಸಿರಲಿಲ್ಲ.

"ಅಮ್ಮ, ಯೋಚನೆ ಮಾಡಿ ಮಾತಾಡಿ," ಎಂದರು ಜಯಕುಮಾರ್. "ಕೊಟ್ಟಿದ್ದೂ ನೀವೇ, ಟ್ರಂಕಲ್ಲಿ ಇರೋದೇ ಅಸಲಿ ಅಂತ ಹೇಳಿಕೆ ಕೊಟ್ಟಿದ್ದೂ ನೀವೇ ಅಂದ್ರೆ, ಮೋಸದ ಕೇಸು ನಿಮ್ಮ ಮೇಲೇ ನಿಲ್ಲುತ್ತೆ."

"ನಿಲ್ಲಲಿ. ಮೊದ್ಲು ಮೇಲ್ಗಡೆ ಬರೀರಿ, ಈ ಎಂಜಿನ್ ಮಾಡ್ದೋರು ಹೊಂಗನೂರು ಬೋರಲಿಂಗಯ್ಯ, ಯಾರ್ದೂ ನಕಲಲ್ಲ ಅಂತ. ಅದ ಓದಿ ಹೇಳಿ ನಂಗೆ. ಆಮೇಲೆ ಕೆಳಗಡೆ ನನ್ ಹೆಸ್ರ ಎಲ್ಲಿ ಬೇಕಾರೂ ಹಾಕ್ಕೊಳಿ."

"ಅಂಬುಜಮ್ಮನವರೇ, ಇದು ಸುಳ್ಳು," ಎಂದೆ.

"ನೀನು ಒಸಿ ಸುಮ್ಕಿರವ್ವ. ನಿನ್ನ ಕರ್ಸಿದ್ದು ನನ್ ಗಂಡನ ಹೆಸ್ರಿಗೆ. ಆ ಕೆಲ್ಸ ನೀನು ಮಾಡಿದ್ದೀಯ. ಇನ್ನು ಉಳಿದಿರೋದು ನನ್ ಮನೇದು."

ಜಯಕುಮಾರ್ ಬರೆದರು. ಬರೆದದ್ದನ್ನು ನಿಧಾನವಾಗಿ ಓದಿದರು. ಬೋರಲಿಂಗಯ್ಯ ಎಂಬ ಹೆಸರು ಬಂದಾಗ ಅಂಬುಜಮ್ಮ ಇನ್ನೊಂದು ಸಲ ಓದಿಸಿದರು. ಅವರ ಬೆನ್ನು ನೆಟ್ಟಗಿತ್ತು. ನಾನು ಅಷ್ಟು ಹೆಮ್ಮೆಯಿಂದ ಯಾರೂ ತಪ್ಪೊಪ್ಪಿಕೊಂಡದ್ದನ್ನು ನೋಡಿಲ್ಲ, ಅದೂ ಮಾಡದ ತಪ್ಪನ್ನು.

ನನಗೆ ಸುಮ್ಮನಿರಲು ಆಗಲಿಲ್ಲ. ಸಿರಿಯ ಎದುರು ಹೋಗಿ ನಿಂತೆ.

"ಸಿರಿ, ನಿಮ್ಮವ್ವ ಸೈನ್ ಹಾಕೋಕೆ ಮುಂಚೆ ನೀನು ಹೇಳೋದು ಏನಾದ್ರೂ ಇದ್ರೆ ಈಗ್ಲೇ ಹೇಳು. ಆಮೇಲೆ ಹೇಳಿ ಪ್ರಯೋಜನ ಇಲ್ಲ."

ಅವಳು ನನ್ನನ್ನು ನೋಡಲಿಲ್ಲ, ತಾಯಿಯನ್ನೂ ನೋಡಲಿಲ್ಲ. ಅನಂತರಾಜುವಿನ ಕಡೆ ನೋಡಿದಳು. ಅವನು ಒಂದೇ ಒಂದು ಸಲ, ಬೇಡ ಅನ್ನುವ ಹಾಗೆ, ತಲೆಯಾಡಿಸಿದ. ಅದು ನನಗೆ ಮಾತ್ರ ಕಂಡಿತು.

ಸಿರಿ ಚೊಂಬನ್ನು ನೆಲಕ್ಕಿಟ್ಟಳು. ಬೆಂಚಿನ ಮೇಲಿದ್ದ ಪೆನ್ನನ್ನು ಎತ್ತಿಕೊಂಡು, ತಾಯಿಯ ಬೆರಳುಗಳನ್ನು ಬಿಡಿಸಿ ಅವುಗಳ ನಡುವೆ ಇಟ್ಟಳು.

"ಹಾಕವ್ವ," ಎಂದಳು.